ಜಪಾನಿನ ಪತ್ತೇದಾರಿ ವಿಮರ್ಶಕರು ಯಾರು?

ಬಸವನಗುಡಿ ಓದುಗ: ಅವೆನ್ಯೂ ರೋಡಿನ ಹಳೇ ಪುಸ್ತಕದ ರಾಶಿಯಲ್ಲಿ ಪತ್ತೇದಾರಿ ಹುಡುಕುವವರೇ, ಒಂದು ಪ್ರಶ್ನೆ. ಬರೀ ಪತ್ತೇದಾರಿ ಸಾಹಿತ್ಯದ ಬಗ್ಗೆ ಬರೆದೇ ಹೆಸರು ಮಾಡಿದವರು ಜಪಾನಿನಲ್ಲಿ ಇದ್ದಾರಾ?

ಮಲ್ಲೇಶ್ವರದ ಮಂಜು: ಇದ್ದರಲ್ಲ, ನಕಾಜಿಮಾ ಕವಾತಾರೋ (1917–1999)! ಅಲ್ಲಿನ ಪತ್ತೇದಾರಿ ಸಾಹಿತ್ಯಕ್ಕೆ ಕೊಡುವ ಎಡೋಗಾವಾ ರಾಂಪೊ ಪ್ರಶಸ್ತಿ ಅಂದ್ರೆ ಈಗ ಎಲ್ಲರಿಗೂ ಹೊಸ ಕಾದಂಬರಿಕಾರರೇ ನೆನಪಾಗುತ್ತಾರೆ, ಆದರೆ 1955ರಲ್ಲಿ ಮೊದಲ ಪ್ರಶಸ್ತಿ ಸಿಕ್ಕಿದ್ದು ಇವರು ‘ಹೋಸೆಕಿ’ ಪತ್ರಿಕೆಯಲ್ಲಿ ಕಂತು ಕಂತಾಗಿ ಬರೆದ ಪತ್ತೇದಾರಿ ಕಾದಂಬರಿ ಕೋಶಕ್ಕೆ. ಸುಮ್ನೆ ಅಲ್ಲ ಅದು.

ಅನಿತಾ: ಹೌದು. ಕಾದಂಬರಿಗೆ ಆ ಪ್ರಶಸ್ತಿ ಮೊದಲು ಬಂದಿದ್ದು 1957ರಲ್ಲಿ, ನಿಕಿ ಎತ್ಸುಕೋ ಅವರಿಗೆ. ನಮ್ಮ ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿ ಬರೆದರು, ಅವಕ್ಕೂ ಇಂಥ ಕೋಶ ಬೇಕು ಅಲ್ವಾ? ಯಾರಾದರೂ ಶುರು ಮಾಡಿ, ನನ್ನ ಹತ್ತಿರ ಇರುವ ಪ್ರತಿಗಳ ಮುಖಪುಟದ ಫೋಟೊ ಕಳಿಸುತ್ತೇನೆ.