ಪಾರದರ್ಶಕ ಆಡಳಿತದ ಕೆಲಸವನ್ನೇ ವೃತ್ತಿ ಮಾಡ್ಕೋಬಹುದಾ?

ಪ್ರಶ್ನೆ: ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಮುಗಿಸಿದ್ದೇನೆ. ಜನ ಆಡಳಿತವನ್ನು ಪ್ರಶ್ನೆ ಮಾಡುವಂತಾಗಲು ಕೆಲಸ ಮಾಡೋ ಆಸೆ. ಇದರಲ್ಲಿ ಹೊಟ್ಟೆ ತುಂಬುತ್ತಾ?

ಉತ್ತರ 1: ನಾನು ನರೇಗಾ (ಉದ್ಯೋಗ ಖಾತ್ರಿ) ಸೋಶಿಯಲ್ ಆಡಿಟ್‌ನಲ್ಲಿ, ಅಂದ್ರೆ ಕಾಮಗಾರಿ, ಲೆಕ್ಕವನ್ನು ಜನರ ಮುಂದೆ ಪರಿಶೀಲಿಸೋ ಕೆಲಸದಲ್ಲಿದ್ದವಳು. ಗುತ್ತಿಗೆ ಕೆಲಸ, ಸಂಬಳ ತಡ. ಆದರೆ ಎಂಬಿ (ಕಾಮಗಾರಿಯ ಅಳತೆ ಬರೆದಿಡೋ) ಪುಸ್ತಕ ಹಿಡಿದು, ಟೇಪ್ ಎಳೆದು ಬದು ಅಳೆಯೋದು ಕಲಿತೆ. ಗ್ರಾಮಸಭೆಯಲ್ಲಿ ಹಾಜರಿ ಪಟ್ಟಿ ಓದಿದಾಗ ಒಬ್ಬ ಅಜ್ಜಿ ಎದ್ದರು. "ಆ ವಾರ ನಾನು ಮಗಳ ಮನೇಲಿದ್ದೆ. ಕೂಲಿ ಯಾರು ತಗೊಂಡ್ರು?" ಪಿಡಿಒ ಸುಮ್ನೆ ಫೈಲ್ ತಿರುವುತ್ತಾ ಕೂತರು!

ಉತ್ತರ 2: ಸಂಸ್ಥೆಗಳೂ ಇವೆ. ಬೆಂಗಳೂರಿನ ಜನಾಗ್ರಹ 2001ರಿಂದ ನಗರ ಆಡಳಿತದಲ್ಲಿ ಜನ ಪಾಲ್ಗೊಳ್ಳುವಂತೆ ಮಾಡೋ ಕೆಲಸದಲ್ಲಿದೆ. ಮೊದಲು 2005ರ ಆರ್‌ಟಿಐ ಕಾಯ್ದೆಯ 4(1)(ಬಿ) ಓದಿ. ಯಾರೂ ಕೇಳದಿದ್ರೂ ಕಚೇರಿಗಳು ಪ್ರಕಟಿಸಲೇಬೇಕಾದ ಮಾಹಿತಿಯ ಪಟ್ಟಿ ಅಲ್ಲಿದೆ.

ಪ್ರಶ್ನೆ ಕೇಳಿದವರು: ಅಕ್ಕಾ, ಅಳತೆಗೆ ಎಂಜಿನಿಯರಿಂಗ್ ಬೇಕಾ?

ಉತ್ತರ 1: ಬೇಡ. ಉದ್ದ, ಅಗಲ, ಆಳ ಗುಣಿಸೋಕೆ ಬಂದ್ರೆ ಸಾಕು.