ಸಹಾಯ ಬೇಕು: ಮಾನಸಿಕ ಆಘಾತದ ಚಿಕಿತ್ಸೆ ಗೊತ್ತಿರುವವರು ಹಾಸನ ಅಥವಾ ಚಿಕ್ಕಮಗಳೂರಲ್ಲಿ ಯಾರಿದ್ದಾರೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರದ ಹತ್ತಿರ ಒಂದು ಹಳ್ಳಿ. ಮೂರು ತಿಂಗಳ ಹಿಂದೆ ಬೆಳಗ್ಗೆ ತೋಟಕ್ಕೆ ಹೋಗುವಾಗ ಒಂಟಿ ಸಲಗ ಅಡ್ಡ ಬಂತು. ಅಣ್ಣನ ಜೊತೆಗಿದ್ದ ಕೆಲಸದಾಳಿನ ಕಾಲು ಮುರಿಯಿತು. ಅಣ್ಣ ಹತ್ತೇ ಮಾರು ದೂರದಲ್ಲಿ ನಿಂತಲ್ಲೇ ನಿಂತಿದ್ದ. ಕೂಗೋಣ ಅಂದರೆ ಗಂಟಲು ಕಟ್ಟಿತ್ತು, ಕಾಲು ಎತ್ತಲು ಆಗಲಿಲ್ಲ ಅಂತಾನೆ. ಕೈಯಲ್ಲಿದ್ದ ಬುತ್ತಿ ಡಬ್ಬಿಯನ್ನು ಆಮೇಲೆ ನಾವೇ ಬೆರಳು ಬಿಡಿಸಿ ತೆಗೆದುಕೊಂಡೆವು.

ಈಗ ಬಿದಿರು ಲಟಕ್ಕೆಂದರೂ ಬೆಚ್ಚಿಬೀಳುತ್ತಾನೆ. ನಿದ್ದೆಯಿಲ್ಲ, ತೋಟದ ಕಡೆ ತಲೆ ಹಾಕುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಊರಿನವರ "ನೋಡ್ತಾ ನಿಂತಿದ್ದನಂತೆ" ಎನ್ನುವ ಮಾತು ಅವನನ್ನು ತಿನ್ನುತ್ತಿದೆ. ದಯವಿಟ್ಟು ಯಾರೂ ಹಾಗೆ ಅನ್ನಬೇಡಿ. ವಿಪರೀತ ಭಯದಲ್ಲಿ ಮೈ ತಾನಾಗಿಯೇ ಮರಗಟ್ಟುತ್ತದೆ, ಅದು ಮನಸ್ಸು ಮಾಡಿ ನಿಲ್ಲುವುದಲ್ಲ. ಸ್ವೀಡನ್ನಿನಲ್ಲಿ ಅತ್ಯಾಚಾರಕ್ಕೊಳಗಾದ 298 ಹೆಣ್ಣುಮಕ್ಕಳನ್ನು ವಿಚಾರಿಸಿದ 2017ರ ಅಧ್ಯಯನದಲ್ಲಿ ಶೇ 70ರಷ್ಟು ಮಂದಿಗೆ ಹೀಗೇ ಆಗಿತ್ತು. ಹಾಗಾದವರಲ್ಲೇ ಪಿಟಿಎಸ್‌ಡಿ (ಆಘಾತದ ನಂತರ ಉಳಿದು ಕಾಡುವ ಮಾನಸಿಕ ತೊಂದರೆ), ಖಿನ್ನತೆ ಹೆಚ್ಚು ಕಂಡಿತ್ತು. ಇದನ್ನು ಓದಿದ ಮೇಲೇ ನನಗೂ ಅಣ್ಣ ಅರ್ಥವಾದದ್ದು.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ 14416ಕ್ಕೆ ಫೋನ್ ಮಾಡಿದ್ದೆ, ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು, ಎದುರು ಕೂತು ಚಿಕಿತ್ಸೆ ಪಡೆಯುವುದು ಒಳ್ಳೆಯದು ಅಂದರು. ಇಲ್ಲೇ ಹತ್ತಿರ ಒಬ್ಬ ವೈದ್ಯರು ನಿದ್ದೆ ಮಾತ್ರೆ ಬರೆದು, "ಧೈರ್ಯ ತಂದ್ಕೊಳ್ಳಿ" ಅಂದು ಕಳಿಸಿದರು.

ಆಘಾತಕ್ಕೆಂದೇ ಇರುವ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ನೆರವಾಗುವ ಮಾತಿನ ಚಿಕಿತ್ಸೆ) ಅಥವಾ ಇಎಂಡಿಆರ್ (ಕಣ್ಣಿನ ಚಲನೆ ಬಳಸಿ ಕಹಿ ನೆನಪಿನ ಕಾಟ ತಗ್ಗಿಸುವ ಚಿಕಿತ್ಸೆ) ಮಾಡುವ ಮನಶ್ಶಾಸ್ತ್ರಜ್ಞರು ಈ ಎರಡು ಜಿಲ್ಲೆಗಳಲ್ಲಿ ಇದ್ದಾರಾ? ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕಾ? ಆನೆ ದಾಳಿಯಿಂದ ಪಾರಾಗಿ ಚೇತರಿಸಿಕೊಂಡವರು ಯಾರಾದರೂ ಅಣ್ಣನ ಜೊತೆ ಐದು ನಿಮಿಷ ಮಾತಾಡಿದರೂ ದೊಡ್ಡ ಉಪಕಾರ. ಇನ್‌ಬಾಕ್ಸ್ ಮಾಡಿ.