ಸಹಾಯ ಬೇಕು: ಎಸ್‌ಎಸ್‌ಪಿ ಅರ್ಜಿಯಲ್ಲಿ ಹೆಸರು ಹೊಂದುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ಯಾದಗಿರಿ ಜಿಲ್ಲೆಯ ಶಹಾಪುರದ ಕಡೆ ಒಂದು ಹಳ್ಳಿ. ತಂಗಿ ಕಲಬುರಗಿಯಲ್ಲಿ ಬಿಎಸ್ಸಿ ಮೊದಲ ವರ್ಷ ಓದುತ್ತಿದ್ದಾಳೆ. ಎಸ್‌ಎಸ್‌ಪಿಯಲ್ಲಿ, ಅಂದರೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಅವಳ ಸ್ಕಾಲರ್‌ಶಿಪ್ ಅರ್ಜಿ ಅರ್ಧಕ್ಕೆ ನಿಂತಿದೆ.

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅವಳ ಹೆಸರಿನ ಜೊತೆ ಅಪ್ಪನ ಹೆಸರೂ ಇದೆ, ಆಧಾರ್‌ನಲ್ಲಿ ಬರೀ ಅವಳ ಹೆಸರು, ಜಾತಿ-ಆದಾಯ ಪ್ರಮಾಣಪತ್ರದಲ್ಲಿ ಒಂದು ಅಕ್ಷರವೇ ಬೇರೆ, ಹೀಗಾಗಿ ಆ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಹಾಕಿದ ಕೂಡಲೇ ಹೆಸರು ಹೊಂದುತ್ತಿಲ್ಲ ಅಂತ ಬರುತ್ತದೆ. ಮೊದಲು ಯಾವುದನ್ನು ಸರಿ ಮಾಡಿಸಬೇಕು? ಆಧಾರ್‌ನಲ್ಲಿ ಹೆಸರು ಬದಲಿಸಲು 2 ಸಲ ಮಾತ್ರ ಅವಕಾಶ ಅಲ್ವಾ, ಅದಕ್ಕೇ ಸುಮ್ನೆ ಕೈ ಹಾಕೋಕೆ ಭಯ. ಅಂಕಪಟ್ಟಿಯಲ್ಲಿ ಇರುವಂತೆಯೇ ಆಧಾರ್ ಮಾಡಿಸಿ, ಆಮೇಲೆ ನಾಡಕಚೇರಿಯಲ್ಲಿ ಹೊಸ ಪ್ರಮಾಣಪತ್ರ ತೆಗೆಸುವುದೇ ಸರಿ ಅಂತ ನನಗೆ ಅನಿಸುತ್ತದೆ.

ಇನ್ನೊಂದು ವಿಷಯ. ಅರ್ಜಿ ತುಂಬಿಕೊಟ್ಟ ಅಂಗಡಿಯವರು ಹಾಸ್ಟೆಲ್‌ನಲ್ಲಿ ಇರುವವಳನ್ನು ಮನೆಯಿಂದ ಓಡಾಡುವವಳು ಅಂತ ಹಾಕಿಬಿಟ್ಟಿದ್ದಾರೆ. ಅಪ್ಪ ಕೂಲಿ ಕೆಲಸ ಬಿಟ್ಟು ಎರಡು ಸಲ ಬಸ್ ಹತ್ತಿ ಹೋಗಿ ಬಂದರು, ಸರಿ ಆಗಲಿಲ್ಲ. ಸುಳ್ಳು ಮಾಹಿತಿ ಅಂತ ಅರ್ಜಿ ತಿರಸ್ಕಾರ ಆದರೆ ಏನು ಮಾಡೋದು? ಹೀಗೆ ತುಂಬಿದ ಅರ್ಜಿಯನ್ನು ತಿದ್ದಲು ಕಾಲೇಜಿನಲ್ಲಿ ಕೇಳಬೇಕಾ, ಸ್ಕಾಲರ್‌ಶಿಪ್ ಕೊಡುವ ಇಲಾಖೆಯ ತಾಲೂಕು ಕಚೇರಿಗೆ ಹೋಗಬೇಕಾ?

ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆ, ಸರ್ಕಾರದ ಹಣ ಆ ಖಾತೆಗೇ ಬರಲು ಬೇಕಾದ ಎನ್‌ಪಿಸಿಐ ಜೋಡಣೆಯನ್ನೂ ನೋಡಿಸಿದ್ದೇವೆ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿಗಾಗಿ ಕೊಡುವ 371ಜೆ ಪ್ರಮಾಣಪತ್ರವೂ ಇದೆ, ಆದರೆ ಅದು ಸೀಟಿಗೆ ಬೇಕಾದದ್ದು.

ಇದೇ ತೊಂದರೆ ದಾಟಿದವರು ಯಾರಾದರೂ ಇದ್ದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ದಯವಿಟ್ಟು ತಿಳಿಸಿ ಅಣ್ಣಾ, ಅಕ್ಕಾ. ಈ ಹಣ ಬರದಿದ್ದರೆ ಅವಳ ಮುಂದಿನ ಫೀಸು ಕಟ್ಟೋದು ನಮಗೆ ಬಹಳ ಕಷ್ಟ.